ಜಾರ್ಜ್ ಮೈಕಲ್ ನಮಗೆ ಎಷ್ಟು ಬಾಕಿ?

ಕಿಂಗ್ಸ್‌ಬರಿ ರಸ್ತೆಗೆ ನಾವು ಹೋಗುವುದು ಕರಿಬೇವಿಗೆ. ಲಂಡನ್ನಿನ ವಾಯವ್ಯ ಭಾಗದ ಈ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ಕರಿಬೇವು ಬಾಡದೆ ಸಿಗುತ್ತದೆ, ಎಳೆ ಬೆಂಡೆಕಾಯಿ ಸಿಗುತ್ತದೆ, ಅದೃಷ್ಟವಿದ್ದರೆ ಹಸಿ ಅವರೆಕಾಳೂ ಸಿಗುತ್ತದೆ. ಕಳೆದ ವರ್ಷ ಬೇಸಿಗೆಯಲ್ಲಿ ಬೆಂಗಳೂರಿನಿಂದ ನನ್ನ ದೊಡ್ಡಪ್ಪನ ಮಗಳು ಬಂದಿದ್ದಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ಸ್ವಯಂನಿವೃತ್ತಿ ತೆಗೆದುಕೊಂಡ ಅಕ್ಕ. ಅವಳ ಜೊತೆ ಸಂಚಿ ಹಿಡಿದುಕೊಂಡು ನಡೆಯುತ್ತಿರುವಾಗ ಒಂದು ಕಟ್ಟಡದ ಪಕ್ಕದ ಗೋಡೆ ಎದುರು ನಿಂತುಬಿಟ್ಟಳು. ಗೋಡೆ ತುಂಬ ಜಾರ್ಜ್ ಮೈಕಲ್. 2020ರ ಬ್ರೆಂಟ್ ಬಿಯೆನಾಲೆ ಎಂಬ ಕಲಾ ಉತ್ಸವಕ್ಕಾಗಿ ಡಾನ್ ಮೆಲ್ಲರ್ ಎಂಬ ಕಲಾವಿದರು ಮಾಡಿದ ಭಿತ್ತಿಚಿತ್ರ ಅದು.

"ಇವನು ಇಲ್ಲಿ ಯಾಕೋ ಇದ್ದಾನೆ?" ಎಂದಳು, ಊರಿನವರೊಬ್ಬರು ಅಚಾನಕ್ಕಾಗಿ ಎದುರಾದ ಹಾಗೆ.

"ಇಲ್ಲೇ ಓದಿದ್ದು ಅಕ್ಕ. ಅಲ್ಲಿ ಹಿಂದೆ ರೋ ಗ್ರೀನ್ ಶಾಲೆ, ಆಮೇಲೆ ಕಿಂಗ್ಸ್‌ಬರಿ ಹೈಸ್ಕೂಲು."

ಅಕ್ಕ ಮತ್ತೂ ಸ್ವಲ್ಪ ಹೊತ್ತು ನೋಡಿದಳು. "ಎಷ್ಟು ಚೆನ್ನಾಗಿ ಹಾಡ್ತಿದ್ದ ಕಣೋ. ಆಮೇಲೆ ಹಾಳಾದ. ನಮಗೆ ಮೋಸ ಮಾಡಿಬಿಟ್ಟ."

ಹಾಳಾದ ಎನ್ನುವುದು ಅಭಿಪ್ರಾಯ, ಇರಲಿ. ಆದರೆ ಆ 'ನಮಗೆ ಮೋಸ' ಎಂಬ ಮಾತು ನನ್ನ ತಲೆಯಲ್ಲೇ ಕೂತಿತು. ನಾನು ಲೆಕ್ಕಪತ್ರದವನು. ಮೋಸ ಆಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳುವುದು ಖಾತೆ ಎಲ್ಲಿ, ಯಾರು ಯಾರಿಗೆ ಎಷ್ಟು ಕೊಡಬೇಕಿತ್ತು ಎಂದು. ಈ ಹಾಡುಗಾರನ ವಿಷಯದಲ್ಲಿ ಅಂಥ ಒಂದು ಖಾತೆಯನ್ನು ನ್ಯಾಯಾಲಯದಲ್ಲೇ ಬಿಚ್ಚಿದ್ದರು. ಅಭಿಮಾನಿಗಳು ಮಾತ್ರ ಅದರಲ್ಲಿ ಕಕ್ಷಿದಾರರಾಗಿರಲಿಲ್ಲ.

ಅವನ ನಿಜವಾದ ಹೆಸರು ಯೊರ್ಗೋಸ್ ಕಿರಿಯಾಕೋಸ್ ಪನಾಯಿಯೊಟು. 1963ರ ಜೂನ್ 25ರಂದು ಹುಟ್ಟಿದ್ದು ಉತ್ತರ ಲಂಡನ್ನಿನಲ್ಲಿ. ಅಪ್ಪ ಸೈಪ್ರಸ್ ದ್ವೀಪದಿಂದ 1950ರ ದಶಕದಲ್ಲಿ ಬಂದ ಗ್ರೀಕ್, ದುಡಿದು ದುಡಿದು ರೆಸ್ಟೋರೆಂಟ್ ಮಾಡಿಕೊಂಡವರು. ಅಮ್ಮ ಇಂಗ್ಲಿಷಿನವರು. ಮಗನಿಗೆ ಹಾಡಲು ಬರುವುದಿಲ್ಲ ಎಂದೇ ಅಪ್ಪ ನಂಬಿದ್ದರು. ಇಲ್ಲಿನ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಗಿಟಾರ್ ಹಿಡಿದಾಗ ನಾವು ಹೇಳುವುದನ್ನು ನೆನಪಿಸಿಕೊಂಡರೆ ಆ ಅಪ್ಪ ನಮಗೆ ದೂರದವರೇನೂ ಅಲ್ಲ. ಕುಟುಂಬ ಮುಂದೆ ಹರ್ಟ್‌ಫರ್ಡ್‌ಷೈರಿಗೆ ಹೋಯಿತು. ಅಲ್ಲಿ ಬುಷಿ ಮೀಡ್ಸ್ ಶಾಲೆಯಲ್ಲಿ 1975ರಲ್ಲಿ ಆಂಡ್ರ್ಯೂ ರಿಜ್ಲಿ ಎಂಬ ಗೆಳೆಯ ಸಿಕ್ಕ. ಇಬ್ಬರೂ ಸೇರಿ ಕಟ್ಟಿದ್ದು 'ವ್ಯಾಮ್!'

(ಇಲ್ಲೊಂದು ಮಾತು. ಹಾಡುಗಾರನನ್ನು ಏಕವಚನದಲ್ಲಿ ಕರೆಯುವುದು ಅಭಿಮಾನಿಗಳು ತಾವಾಗಿ ತೆಗೆದುಕೊಂಡ ಹಕ್ಕು. ನಾನೂ ಬಿಡುವುದಿಲ್ಲ.)

ಧ್ವನಿ ಬದಲಾಯಿತು ಎಂಬ ದೂರು ಅವನ ಮೇಲೆ ಬಂದದ್ದು 1990ರಲ್ಲಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಮೊದಲ ದೂರು ಬಂದದ್ದು ಅವನಿಗೆ ಇಪ್ಪತ್ತು ವರ್ಷವಾದಾಗಲೇ. 1982ರಲ್ಲಿ ವ್ಯಾಮ್‌ನ ಮೊದಲ ಹಾಡು 'ವ್ಯಾಮ್ ರ್ಯಾಪ್!' ಬಂದಾಗ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಆ ಹಾಡು ಇದ್ದದ್ದು ಸರ್ಕಾರದ ನಿರುದ್ಯೋಗ ಭತ್ಯೆಯಲ್ಲಿ ಬದುಕುವ ಹುಡುಗರ ಬಗ್ಗೆ. ಸಂಗೀತ ಪತ್ರಿಕೆಗಳವರು ಕಿವಿ ನೆಟ್ಟಗೆ ಮಾಡಿದರು, ಬೀದಿಯ ದನಿ ಬಂತು ಎಂದುಕೊಂಡರು. ಮರುವರ್ಷ ಬೇಸಿಗೆಗೆ ಬಂದದ್ದು 'ಕ್ಲಬ್ ಟ್ರಾಪಿಕಾನಾ'. ಇಬಿಜಾ ದ್ವೀಪದ ಹೋಟೆಲು, ಈಜುಕೊಳ, ಬಿಸಿಲಿಗೆ ಕಂದಿದ ಮೈ. ಪತ್ರಿಕೆಯವರು ಮುಖ ತಿರುಗಿಸಿದರು, ಶಾಲೆಯ ಹುಡುಗಿಯರು ಲಕ್ಷಗಟ್ಟಲೆ ಬಂದರು. 1984ರ ಸೆಪ್ಟೆಂಬರಿನಲ್ಲಿ ಮುಷ್ಕರ ನಿರತ ಗಣಿ ಕಾರ್ಮಿಕರ ಸಹಾಯಾರ್ಥ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ವ್ಯಾಮ್ ವೇದಿಕೆ ಹತ್ತಿತು. ಆದರೆ ಟೇಪ್ ಹಾಕಿಕೊಂಡು ತುಟಿ ಆಡಿಸಿದ್ದಕ್ಕೆ ಬೈಸಿಕೊಂಡಿತು. ಎಡಪಂಥೀಯರಿಗೆ ತೀರಾ ಹೊಳಪು, ಹೊಳಪಿನವರಿಗೆ ತೀರಾ ಎಡ. ಯಾವ ಖಾತೆಯಲ್ಲಿ ಬರೆದುಕೊಳ್ಳಬೇಕೆಂದು ಯಾರಿಗೂ ಗೊತ್ತಾಗದ ಪ್ರಾಣಿ ಅವನು ಆಗಲೇ ಆಗಿದ್ದ.

ನಮ್ಮ ಮನೆಗೆ ವ್ಯಾಮ್ ಬಂದದ್ದು ಅಕ್ಕನಿಂದ. ಬೇಸಿಗೆ ರಜೆಗೆ ದಾವಣಗೆರೆಯಿಂದ ರಾಜಾಜಿನಗರದ ದೊಡ್ಡಪ್ಪನ ಮನೆಗೆ ಹೋದರೆ ಅಕ್ಕನ ಟೇಪ್‌ರೆಕಾರ್ಡರಿನಲ್ಲಿ ಒಂದೇ ಕ್ಯಾಸೆಟ್. ಒಂದು ಕಡೆ 'ಮೇಕ್ ಇಟ್ ಬಿಗ್', ಇನ್ನೊಂದು ಕಡೆ ಅದೂ ಇದೂ. 'ಕೇರ್‌ಲೆಸ್ ವಿಸ್ಪರ್' ಬಂದಾಗ ಮಾತ್ರ ದೊಡ್ಡಮ್ಮನೂ ಅಡಿಗೆಮನೆಯಿಂದ ಸುಮ್ಮನೆ ಬಂದು ನಿಲ್ಲುತ್ತಿದ್ದರು. ಆ ಸ್ಯಾಕ್ಸೊಫೋನಿಗೆ ಇಂಗ್ಲಿಷ್ ಬರಬೇಕಾಗಿರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಗೆಳೆಯನ ಜೊತೆ ಸೇರಿ ಬರೆದ ಹಾಡು ಅದು ಎಂದು ಆಗ ಯಾರಿಗೆ ಗೊತ್ತು. ಕ್ಯಾಸೆಟ್ ಅಂಗಡಿಯಿಂದ ಕೊಂಡದ್ದಲ್ಲ, ತುಂಬಿಸಿದ್ದು. ಖಾಲಿ ಕ್ಯಾಸೆಟ್ ತೆಗೆದುಕೊಂಡು ಹೋದರೆ ಅಂಗಡಿಯವನು ಕೇಳಿದ ಹಾಡುಗಳನ್ನು ತುಂಬಿಸಿಕೊಡುತ್ತಿದ್ದ ಕಾಲ. ಆ ಖಾಲಿ ಕ್ಯಾಸೆಟ್ಟು ಸೋನಿ ಕಂಪನಿಯದು. ಮುಂದೆ ಈ ಕಥೆಯಲ್ಲಿ ಆ ಹೆಸರು ಬರುತ್ತದೆ, ಅದಕ್ಕೇ ಹೇಳಿದೆ.

1985ರ ಏಪ್ರಿಲ್‌ನಲ್ಲಿ ವ್ಯಾಮ್ ಬೀಜಿಂಗಿಗೆ ಹೋಗಿ ಹಾಡಿ ಬಂತು. ಚೀನಾದಲ್ಲಿ ಕಾರ್ಯಕ್ರಮ ಕೊಟ್ಟ ಮೊದಲ ಪಾಶ್ಚಾತ್ಯ ಪಾಪ್ ತಂಡ ಎಂಬ ಹೆಗ್ಗಳಿಕೆ ಅದಕ್ಕೆ. ಮರುವರ್ಷ, 1986ರ ಜೂನ್ 28ರಂದು, ವೆಂಬ್ಲಿ ಕ್ರೀಡಾಂಗಣದಲ್ಲಿ 72,000 ಜನರ ಎದುರು ಕೊನೆಯ ಸಲ ಹಾಡಿ ತಂಡವನ್ನು ಮುಚ್ಚಿದರು. ಜಗಳವಿಲ್ಲ, ಸೋಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಅಂಗಡಿಗೆ ಯಜಮಾನನೇ ಬೀಗ ಹಾಕಿದ. ನಮ್ಮ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವ ಹಿರಿಯ ಸಹೋದ್ಯೋಗಿಯೊಬ್ಬರು ಅವತ್ತು ತಮ್ಮ ಅಕ್ಕನ ಜೊತೆ ಆ ಜನಸಾಗರದಲ್ಲಿದ್ದರಂತೆ. ಹದಿನಾಲ್ಕು ವರ್ಷದ ಹುಡುಗಿ. ಮನೆಗೆ ಬಂದು ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಕಿತ್ತು ಹಾಕಿ, ಮರುದಿನ ಬೆಳಿಗ್ಗೆ ಮತ್ತೆ ಅಂಟಿಸಿದರಂತೆ.

ಮುಂದಿನದು 1987ರ 'ಫೇಯ್ತ್'. ಚರ್ಮದ ಜಾಕೆಟ್ಟು, ಕುರುಚಲು ಗಡ್ಡ, ಗಿಟಾರು. ಎರಡು ಕೋಟಿಗೂ ಹೆಚ್ಚು ಪ್ರತಿ ಖರ್ಚಾಯಿತು. 1989ರಲ್ಲಿ ವರ್ಷದ ಆಲ್ಬಂ ಎಂದು ಗ್ರ್ಯಾಮಿ ಬಂತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಪ್ಪು ಸಂಗೀತದ ಆಲ್ಬಂ ಪಟ್ಟಿಯಲ್ಲೂ ಅದು ಮೊದಲ ಸ್ಥಾನಕ್ಕೆ ಏರಿತು, ಬಿಳಿಯ ಗಾಯಕನೊಬ್ಬನಿಗೆ ಅದು ಮೊದಲ ಸಲ. ಅದೇ ವರ್ಷ ಅಮೆರಿಕನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ಸೋಲ್ ಸಂಗೀತದ ಬಹುಮಾನವೂ ಅವನಿಗೇ ಬಂದಾಗ ಕಪ್ಪು ಸಂಗೀತಗಾರರಿಂದ ಆಕ್ಷೇಪ ಎದ್ದಿತು. ನಮ್ಮ ಮನೆಯ ಪದಾರ್ಥ, ಬಹುಮಾನ ಪಕ್ಕದ ಮನೆಯವನಿಗೆ ಎಂಬ ನೋವು ಅದು. ನ್ಯಾಯವಾದದ್ದೇ. ಅವನು ಅರೀಥಾ ಫ್ರ್ಯಾಂಕ್ಲಿನ್ ಜೊತೆ ಹಾಡಿದವನು, ಆ ಸಂಗೀತವನ್ನು ಪ್ರೀತಿಸಿದವನು. ಪ್ರೀತಿಸಿದ್ದಕ್ಕೆ ಬಹುಮಾನವನ್ನೂ ಅವನೇ ಒಯ್ಯಬೇಕೆ ಎಂಬ ಪ್ರಶ್ನೆ ಅದರಿಂದ ಕರಗುವುದಿಲ್ಲ.

ಆಮೇಲೆ ಬಂತು 1990ರ ಸೆಪ್ಟೆಂಬರ್. ಅಕ್ಕನ ದೂರಿನ ಮೂಲ ಇಲ್ಲಿದೆ. ಹೊಸ ಆಲ್ಬಂನ ಹೆಸರೇ ಅಭಿಮಾನಿಗಳಿಗೆ ಬರೆದ ಅರ್ಜಿಯ ಹಾಗಿತ್ತು: 'ಲಿಸನ್ ವಿದೌಟ್ ಪ್ರೆಜುಡಿಸ್, ವಾಲ್ಯೂಮ್ 1'. ಪೂರ್ವಗ್ರಹವಿಲ್ಲದೆ ಕೇಳಿ ಎಂದು. ಹೊದಿಕೆಯ ಮೇಲೆ ಅವನ ಮುಖವಿಲ್ಲ. ಅದರ ಬದಲು ವೀಜೀ ಎಂಬ ಛಾಯಾಗ್ರಾಹಕ 1940ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲ ತೀರದಲ್ಲಿ ತೆಗೆದ ಜನಜಂಗುಳಿಯ ಚಿತ್ರ. ಅಂದರೆ ಅಭಿಮಾನಿಗಳು ಗಾಯಕನ ಮುಖ ನೋಡಲು ಕ್ಯಾಸೆಟ್ ತೆಗೆದುಕೊಂಡರೆ ಕಂಡದ್ದು ತಮ್ಮಂಥದೇ ಒಂದು ಗುಂಪು. ವಿಡಿಯೊಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂದೂ ಹೇಳಿಬಿಟ್ಟ. ಖ್ಯಾತಿಯ ಭಾರ ಸಾಕಾಗಿದೆ ಎಂದು ಅವನು ಸಂದರ್ಶನದಲ್ಲಿ ಹೇಳಿದ್ದನ್ನು ಓದಿ ಹಿರಿಯ ಗಾಯಕ ಫ್ರ್ಯಾಂಕ್ ಸಿನಾತ್ರಾ 'ಲಾಸ್ ಏಂಜಲೀಸ್ ಟೈಮ್ಸ್'ಗೆ ಬಹಿರಂಗ ಪತ್ರ ಬರೆದು, ಇಂಥ ಅದೃಷ್ಟಕ್ಕೆ ಕೃತಜ್ಞನಾಗಿರು ಎಂದು ಬುದ್ಧಿ ಹೇಳಿದರು. ಎಪ್ಪತ್ತೈದರ ಹತ್ತಿರವಿದ್ದ ತಾತ ಇಪ್ಪತ್ತೇಳರ ಮೊಮ್ಮಗನಿಗೆ ಹೇಳುವ ಧಾಟಿಯಲ್ಲಿ.

'ಫ್ರೀಡಮ್! 90' ಹಾಡಿನ ವಿಡಿಯೊ ನಾನು ನೋಡಿದ್ದು ಸ್ಟಾರ್ ಟಿವಿ ಬಂದ ಹೊಸದರಲ್ಲಿ, ಅಕ್ಕನ ಮನೆಯಲ್ಲೇ. ಮುಂದೆ ದೊಡ್ಡ ಸಿನಿಮಾ ನಿರ್ದೇಶಕನಾದ ಡೇವಿಡ್ ಫಿಂಚರ್ ಮಾಡಿದ್ದು. ನವೋಮಿ ಕ್ಯಾಂಪ್‌ಬೆಲ್, ಸಿಂಡಿ ಕ್ರಾಫರ್ಡ್, ಲಿಂಡಾ ಇವ್ಯಾಂಜೆಲಿಸ್ಟಾ ಮುಂತಾದ ರೂಪದರ್ಶಿಗಳು ಅವನ ದನಿಗೆ ತುಟಿ ಆಡಿಸುತ್ತಾರೆ. 'ಫೇಯ್ತ್' ಕಾಲದ ಜಾಕೆಟ್ಟು ಬೆಂಕಿ ಹತ್ತಿಕೊಂಡು ಉರಿಯುತ್ತದೆ, ಗಿಟಾರು, ಜ್ಯೂಕ್‌ಬಾಕ್ಸು ಸಿಡಿದು ಚೂರಾಗುತ್ತವೆ. ನನಗೆ ಹನ್ನೆರಡು ವರ್ಷ, ರೂಪದರ್ಶಿಗಳನ್ನು ನೋಡಿ ಖುಷಿಯಾಗಿತ್ತು. ಅಕ್ಕನಿಗೆ ಅಳುವೇ ಬಂದಿತ್ತು. ಅವಳು ಎದೆಗೊತ್ತಿಕೊಂಡಿದ್ದ ಚಿತ್ರವನ್ನು ಅವನೇ ಸುಡುತ್ತಿದ್ದ. ಗಮನಿಸಿ, 1984ರಲ್ಲಿ ವ್ಯಾಮ್ ಕೂಡ 'ಫ್ರೀಡಮ್' ಎಂಬ ಹೆಸರಿನದೇ ಬೇರೆ ಹಾಡು ಹಾಡಿತ್ತು. ಹಳೆಯ ಹೆಸರನ್ನೇ ಎತ್ತಿಕೊಂಡು ಹಳೆಯದನ್ನು ಒರೆಸಿಹಾಕಿದ.

ಬ್ರಿಟನ್ನಿನಲ್ಲಿ ಈ ಆಲ್ಬಂ 'ಫೇಯ್ತ್'ಗಿಂತ ಹೆಚ್ಚು ಮಾರಾಟವಾಯಿತು. ಅಮೆರಿಕದಲ್ಲಿ ಮಾತ್ರ 'ಫೇಯ್ತ್'ಗೆ ಒಂದು ಕೋಟಿ ಪ್ರತಿಗಳ ಪ್ರಮಾಣಪತ್ರ ಸಿಕ್ಕಿದ್ದರೆ ಇದಕ್ಕೆ ಸಿಕ್ಕಿದ್ದು 20 ಲಕ್ಷದ್ದು. ಅದೇ ಗಾಯಕ, ಮೂರೇ ವರ್ಷ ಅಂತರ. ಕಂಪನಿ ಸರಿಯಾಗಿ ಪ್ರಚಾರ ಮಾಡಲಿಲ್ಲ ಎಂದು ಅವನು, ನೀನೇ ಮುಖ ತೋರಿಸಲಿಲ್ಲವಲ್ಲ ಎಂದು ಕಂಪನಿ. ಅಷ್ಟರಲ್ಲಿ ಕಂಪನಿಯೂ ಬದಲಾಗಿತ್ತು. ಅವನು ಸಹಿ ಹಾಕಿದ್ದು ಸಿಬಿಎಸ್‌ಗೆ, ಅದನ್ನು 1988ರ ಆರಂಭದಲ್ಲಿ ಜಪಾನಿನ ಸೋನಿ 200 ಕೋಟಿ ಡಾಲರಿಗೆ ಕೊಂಡುಕೊಂಡಿತ್ತು. ಎರಡನೆಯ ಸಂಪುಟ ಬರಲೇ ಇಲ್ಲ. ಅದಕ್ಕೆಂದು ಇಟ್ಟಿದ್ದ ಹಾಡುಗಳಲ್ಲಿ ಮೂರನ್ನು ಏಡ್ಸ್ ಸಹಾಯಾರ್ಥ ತಂದ 'ರೆಡ್ ಹಾಟ್ + ಡಾನ್ಸ್' ಸಂಕಲನಕ್ಕೆ ಕೊಟ್ಟುಬಿಟ್ಟ. 1992ರಲ್ಲಿ ಸೋನಿಯ ಮೇಲೆ ದಾವೆ ಹೂಡಿದ.

ಇಲ್ಲಿ ನನ್ನ ಕಸುಬಿನ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನಪ್ಪ ದಾವಣಗೆರೆಯ ದಲಾಲಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಬಿತ್ತನೆಗೆ ಮುಂಚೆ ರೈತ ಬಂದು ಸಾಹುಕಾರರ ಹತ್ತಿರ ಮುಂಗಡ ತೆಗೆದುಕೊಳ್ಳುತ್ತಾನೆ. ಬೆಳೆ ಬಂದಾಗ ಆ ಮಂಡಿಗೇ ತಂದು ಹಾಕಬೇಕು, ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ. ಮುಂಗಡ, ಬಡ್ಡಿ, ಹಮಾಲಿ, ದಲಾಲಿ ಎಲ್ಲ ಮುರಿದುಕೊಂಡು ಉಳಿದದ್ದು ಅವನ ಕೈಗೆ. ರೆಕಾರ್ಡ್ ಕಂಪನಿಯ ಒಪ್ಪಂದವೂ ಹೆಚ್ಚು ಕಡಿಮೆ ಇದೇ. ಮುಂಗಡ ಕೊಡುತ್ತಾರೆ. ಅದು ಮತ್ತು ಧ್ವನಿಮುದ್ರಣದ ಖರ್ಚು ಗಾಯಕನ ರಾಯಲ್ಟಿಯಲ್ಲಿ ಮುರಿಯುತ್ತಾ ಹೋಗುತ್ತದೆ. ಗಾಯಕ ಬೇರೆಡೆ ಹಾಡುವಂತಿಲ್ಲ. ಒಂದು ವ್ಯತ್ಯಾಸವಿದೆ. ಮಂಡಿಯಲ್ಲಿ ಲೆಕ್ಕ ತೀರಿದರೆ ಹೊಲ ರೈತನದೇ. ಇಲ್ಲಿ ಲೆಕ್ಕವೆಲ್ಲ ತೀರಿದ ಮೇಲೂ ಮೂಲ ಧ್ವನಿಮುದ್ರಿಕೆ ಸಾಮಾನ್ಯವಾಗಿ ಕಂಪನಿಯದೇ.

ಅವನ ಒಪ್ಪಂದದ ಕಥೆ ಹೀಗಿದೆ. 1982ರಲ್ಲಿ ಹದಿನೆಂಟರ ಹುಡುಗನಾಗಿ ಇನ್ನರ್‌ವಿಷನ್ ಎಂಬ ಸಣ್ಣ ಕಂಪನಿಗೆ ಸಹಿ ಹಾಕಿದ. ಷರತ್ತುಗಳು ಕೆಟ್ಟವಾಗಿದ್ದವು. ಜಗಳವಾಗಿ, 1984ರಲ್ಲಿ ರಾಜಿಯಾಗಿ, ಸಿಬಿಎಸ್ ಜೊತೆ ನೇರ ಒಪ್ಪಂದವಾಯಿತು. 'ಫೇಯ್ತ್' ಗೆದ್ದ ಮೇಲೆ 1988ರಲ್ಲಿ ಅದನ್ನೇ ಹೆಚ್ಚಿನ ದರಕ್ಕೆ ತಿದ್ದಿಸಿಕೊಂಡ, ಬದಲಿಗೆ ಇನ್ನಷ್ಟು ಆಲ್ಬಂಗಳನ್ನು ಕೊಡಲು ಒಪ್ಪಿದ. ಈಗ ಅದು ವೃತ್ತಿಯನ್ನೇ ಕಟ್ಟಿಹಾಕುವ ಒಪ್ಪಂದ, ಒಂದು ಬಗೆಯ ಜೀತ ಎಂದು ಅವನ ವಾದ. ಇದಕ್ಕೆ ಆಧಾರವಿಲ್ಲದಿರಲಿಲ್ಲ. 1974ರಲ್ಲಿ ಟೋನಿ ಮೆಕಾಲೆ ಎಂಬ ಗೀತಕಾರ ಪ್ರಕಾಶಕರ ವಿರುದ್ಧ ಇಂಥದೇ ಕಾರಣಕ್ಕೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದಿದ್ದ. 1993ರ ಅಕ್ಟೋಬರಿನಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಮೊಕದ್ದಮೆಯ ಹೆಸರು ಪನಾಯಿಯೊಟು ಮತ್ತು ಸೋನಿ. ಜಗತ್ತಿಗೆ ಗೊತ್ತಿದ್ದ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ, ಅಪ್ಪ ಕೊಟ್ಟ ಹೆಸರಿನಲ್ಲಿ ಕಟಕಟೆ ಹತ್ತಿದ.

1994ರ ಜೂನ್ 21ರಂದು ನ್ಯಾಯಮೂರ್ತಿ ಜೊನಾಥನ್ ಪಾರ್ಕರ್ ಅವರು ತೀರ್ಪು ಕೊಟ್ಟರು. ಸೋಲು. ಕಾರಣಗಳನ್ನು ಬರಿಯ ಲೆಕ್ಕಿಗನಾಗಿ ಓದಿದರೆ ತಲೆದೂಗಬೇಕಾಗುತ್ತದೆ. 1984ರದ್ದು ಒಂದು ವ್ಯಾಜ್ಯದ ರಾಜಿ, ರಾಜಿಯನ್ನು ಮತ್ತೆ ಕೆದಕಲು ಬಿಟ್ಟರೆ ಯಾವ ರಾಜಿಗೂ ಬೆಲೆ ಇರುವುದಿಲ್ಲ. 1988ರದ್ದು ಒಳ್ಳೆಯ ವಕೀಲರ ಸಲಹೆ ಪಡೆದು ಮಾಡಿಕೊಂಡದ್ದು. ಅದೂ ಸಾಲದೆಂಬಂತೆ, ಅಸಮಾಧಾನವಿದ್ದಾಗಲೂ ಒಪ್ಪಂದದ ಪ್ರಕಾರ ಮುಂಗಡ ಕೇಳಿ ಪಡೆದಿದ್ದಾನೆ. ದುಡ್ಡು ತೆಗೆದುಕೊಂಡ ಮೇಲೆ ಕರಾರು ಒಪ್ಪಿಕೊಂಡ ಹಾಗೆಯೇ ಲೆಕ್ಕ. ನಮ್ಮ ಅಪ್ಪನ ಸಾಹುಕಾರರೂ ಇದನ್ನೇ ಹೇಳುತ್ತಿದ್ದರು. ವಿಚಾರಣೆಯ ಖರ್ಚೇ ದಶಲಕ್ಷಗಟ್ಟಲೆ ಪೌಂಡು. ಸೋನಿಗೆ ಇನ್ನು ಹಾಡುವುದಿಲ್ಲ ಎಂದು ಹಟ ಹಿಡಿದ. 1995ರಲ್ಲಿ ವರ್ಜಿನ್ ಮತ್ತು ಡ್ರೀಮ್‌ವರ್ಕ್ಸ್ ಸೇರಿ ಸೋನಿಗೆ ದೊಡ್ಡ ಮೊತ್ತ ಕೊಟ್ಟು ಅವನನ್ನು ಬಿಡಿಸಿಕೊಂಡವು. ಮುಂಗಡ ಹೊಸ ಸಾಹುಕಾರನಿಗೆ ವರ್ಗಾವಣೆ, ಅಷ್ಟೇ.

ಲೆಕ್ಕಿಗನ ಪ್ರಕಾರ ನ್ಯಾಯಮೂರ್ತಿಗಳು ಸರಿ. ಆದರೆ ಆ ಮಂಡಿಯ ಮೆಟ್ಟಿಲ ಮೇಲೆ ಕೂತ ರೈತರನ್ನೂ ನಾನು ನೋಡಿದ್ದೇನೆ. ಮೆಕ್ಕೆಜೋಳಕ್ಕೆಂದು ಮುಂಗಡ ತೆಗೆದುಕೊಂಡವನು ಮುಂದಿನ ವರ್ಷ ಮಲ್ಲಿಗೆ ಹಾಕಿದರೆ ಸಾಹುಕಾರ ಕೇಳುವುದು, "ಯಾರಪ್ಪ ಕೊಳ್ಳೋರು ಇದನ್ನ?" ಅದು ವಂಚನೆಯ ಪ್ರಶ್ನೆಯಲ್ಲ, ಅವನ ದೃಷ್ಟಿಯಲ್ಲಿ ನಿಜವಾದ ಪ್ರಶ್ನೆ. ಜಾರ್ಜ್ ವಿಷಯದಲ್ಲಿ ನನಗೆ ಒಪ್ಪಲು ಕಷ್ಟವಾಗುವುದೂ ಇದೆ. ಮುಖ ತೋರಿಸುವುದಿಲ್ಲ, ಆದರೆ ಮುಖ ತೋರಿಸಿದಾಗ ಆದಷ್ಟೇ ಮಾರಾಟ ಆಗಬೇಕು ಎಂದು ಅವನು ಬಯಸಿದ. ಅವನ ಅಭಿಮಾನಿಯಾದ ನಾನು ಇಷ್ಟನ್ನು ಬರೆದುಕೊಳ್ಳದೆ ಹೋದರೆ ಲೆಕ್ಕ ಸರಿಹೊಂದುವುದಿಲ್ಲ.

ಇನ್ನೆರಡು ತಾರೀಖುಗಳು ನ್ಯಾಯಾಲಯದ ಕಡತದಲ್ಲಿ ಇರಲಿಲ್ಲ. 1991ರಲ್ಲಿ ರಿಯೊ ನಗರದ ಕಾರ್ಯಕ್ರಮವೊಂದರಲ್ಲಿ ಅವನಿಗೆ ಆನ್ಸೆಲ್ಮೊ ಫೆಲೆಪ್ಪಾ ಎಂಬ ಬ್ರೆಜಿಲ್‌ನವನು ಸಿಕ್ಕ, ಪ್ರೀತಿಯಾಯಿತು. 1993ರ ಮಾರ್ಚ್‌ನಲ್ಲಿ ಆನ್ಸೆಲ್ಮೊ ಏಡ್ಸ್ ಸಂಬಂಧಿ ಕಾಯಿಲೆಯಿಂದ ತೀರಿಕೊಂಡ. ವಿಚಾರಣೆ ಶುರುವಾದದ್ದು ಅದೇ ಅಕ್ಟೋಬರಿನಲ್ಲಿ. ತಾನು ಸಲಿಂಗಿ ಎಂದು ಅವನು ಇನ್ನೂ ಜಗತ್ತಿಗೆ ಹೇಳಿರಲಿಲ್ಲ. ರಾಯಲ್ಟಿಯ ಶೇಕಡಾವಾರು ಕೇಳುತ್ತಾ ಕೂತವನ ಮೈಮೇಲೆ ಹೊರಗೆ ಕಾಣದ ಸೂತಕ.

ಆ ಸೂತಕ ಹಾಡಾಗಿ ಬಂದದ್ದು 1996ರಲ್ಲಿ. 'ಓಲ್ಡರ್' ಎಂಬ ಆಲ್ಬಂ. ಆರು ವರ್ಷದ ನಂತರ. ಹೊದಿಕೆಯಲ್ಲಿ ಅರ್ಧ ಮುಖ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಆನ್ಸೆಲ್ಮೊಗೆ, ಬ್ರೆಜಿಲ್‌ನ ಸಂಗೀತಗಾರ ಆಂಟೋನಿಯೊ ಕಾರ್ಲೋಸ್ ಜೋಬಿಂಗೆ ಅರ್ಪಣೆ. ತಗ್ಗಿದ ದನಿ, ಜಾಝಿನ ನೆರಳು, ಕುಣಿಯಲು ಅಲ್ಲೊಂದು ಇಲ್ಲೊಂದು ಮಾತ್ರ. ಬ್ರಿಟನ್ನಿನಲ್ಲಿ ಅದರ ಆರು ಹಾಡುಗಳು ಮೊದಲ ಮೂರು ಸ್ಥಾನಗಳೊಳಗೆ ಬಂದವು. ಅಮೆರಿಕ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ರಾಜಾಜಿನಗರವೂ ತಲೆ ಕೆಡಿಸಿಕೊಳ್ಳಲಿಲ್ಲ. ಆಗ ನಾನು ಪಿಯುಸಿ. ನೂರು ರೂಪಾಯಿ ಮೇಲಿತ್ತು ಕ್ಯಾಸೆಟ್ಟು, ಕೂಡಿಟ್ಟ ದುಡ್ಡು ಕೊಟ್ಟು ತಂದೆ. ಅಕ್ಕನಿಗೆ ಆಗ ಮದುವೆಯಾಗಿ ಒಂದು ಮಗು. ಎರಡು ಹಾಡು ಕೇಳಿ, "ಇವನಿಗೆ ಏನಾಯ್ತೋ? ಸಾವಿನ ಮನೆಯಲ್ಲಿ ಹಾಡಿದ ಹಾಗಿದೆ" ಎಂದು ನಿಲ್ಲಿಸಿದಳು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ನನಗೂ ಅವತ್ತು ನೂರು ರೂಪಾಯಿ ದಂಡ ಅನ್ನಿಸಿತ್ತು.

ನಮ್ಮ ಆಫೀಸಿನ ಆ ಸಹೋದ್ಯೋಗಿಗೆ ಮಾತ್ರ 'ಓಲ್ಡರ್' ಎಂದರೆ ಪ್ರಾಣ. "ಅವನು ಬದಲಾದ ಅಂತ ನನಗೆ ಅನ್ನಿಸಲೇ ಇಲ್ಲ. ನಾನೂ ಜೊತೆಗೇ ಬದಲಾಗುತ್ತಿದ್ದೆ" ಎಂದರು ಒಮ್ಮೆ ಊಟದ ಬಿಡುವಿನಲ್ಲಿ. ಪ್ರತಿ ಹಾಡು, ಪ್ರತಿ ಸಂದರ್ಶನ, ಮೊಕದ್ದಮೆಯ ಪ್ರತಿ ದಿನದ ಸುದ್ದಿ ಅವರಿಗೆ ಬಂದ ಹಾಗೆಯೇ ಸಿಕ್ಕಿತ್ತು. ನಮಗೆ ಅವನು ತಡವಾಗಿ, ತುಂಡು ತುಂಡಾಗಿ ಬಂದ. ಒಂದು ಬೇಸಿಗೆಯಲ್ಲಿ ಕುಣಿಯುವ ಹುಡುಗ, ಇನ್ನೊಂದು ಬೇಸಿಗೆಯಲ್ಲಿ ಜಾಕೆಟ್ ಸುಡುವವನು, ಮತ್ತೊಂದರಲ್ಲಿ ಗಡ್ಡದ ಗಂಭೀರ ಮನುಷ್ಯ. ನಡುವಿನ ಪುಟಗಳು ಕಾಣೆ. ಮೂರು ವರ್ಷಕ್ಕೊಮ್ಮೆ ಊರಿಗೆ ಹೋದಾಗ "ನಿನ್ನ ಮಾತೇ ಬದಲಾಗಿದೆ ಮಾರಾಯ" ಎನ್ನಿಸಿಕೊಳ್ಳುವ ನಮ್ಮಂಥವರಿಗೆ ಇದು ಅರ್ಥವಾಗಬೇಕು. ನಾವು ದಿನವೂ ಒಂದೊಂದು ಮಾತು ಬದಲಾಯಿಸಿಕೊಂಡಿರುತ್ತೇವೆ, ಅವರಿಗೆ ಎಲ್ಲ ಒಟ್ಟಿಗೇ ಕೇಳಿಸುತ್ತದೆ.

1998ರ ಏಪ್ರಿಲ್‌ನಲ್ಲಿ ಬೆವರ್ಲಿ ಹಿಲ್ಸ್‌ನ ಸಾರ್ವಜನಿಕ ಶೌಚಾಲಯದಲ್ಲಿ ಪೊಲೀಸರು ಬಂಧಿಸಿದ್ದು, ಆಮೇಲೆ ಅವನು ಟಿವಿಯಲ್ಲಿ ತನ್ನ ಬಗ್ಗೆ ಹೇಳಿಕೊಂಡದ್ದು ಎಲ್ಲರಿಗೂ ಗೊತ್ತು. ಅವಮಾನದಿಂದ ಅಡಗಿಕೊಳ್ಳುತ್ತಾನೆ ಎಂದುಕೊಂಡರೆ ಅದನ್ನೇ ಗೇಲಿ ಮಾಡಿ 'ಔಟ್‌ಸೈಡ್' ಎಂಬ ಕುಣಿತದ ಹಾಡು ತಂದ. ಅದೇ ವರ್ಷ, ಬಿಡುಗಡೆಯ ಒಪ್ಪಂದದಂತೆ ಸೋನಿಗೆ ಕೊಡಬೇಕಾಗಿದ್ದ ಆಯ್ದ ಹಾಡುಗಳ ಸಂಕಲನ ಬಂತು, 'ಲೇಡೀಸ್ ಅಂಡ್ ಜೆಂಟಲ್‌ಮೆನ್'. ಎರಡು ಸಿ.ಡಿ. ಒಂದರ ಹೆಸರು ಹೃದಯಕ್ಕೆ, ಇನ್ನೊಂದರದು ಪಾದಕ್ಕೆ. ನಿಧಾನದ ಹಾಡುಗಳೆಲ್ಲ ಅದರಲ್ಲಿ, ಕುಣಿಯುವವೆಲ್ಲ ಇದರಲ್ಲಿ. ಹದಿನೈದು ವರ್ಷದಿಂದ ಜಗಳವಾಡುತ್ತಿದ್ದ ಎರಡು ಗುಂಪಿಗೆ ಮನೆ ಪಾಲು ಮಾಡಿಕೊಟ್ಟ ಹಾಗೆ. ಬ್ರಿಟನ್ನಿನಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಎಂದರೆ ಎರಡೂ ಗುಂಪಿನವರು ಎರಡನ್ನೂ ಕೊಂಡರು. ಮತ್ತೂ ತಮಾಷೆಯೆಂದರೆ 2003ರಲ್ಲಿ ಅವನು ಸೋನಿಗೇ ಮರಳಿದ, ಮರುವರ್ಷ 'ಪೇಶನ್ಸ್' ಅಲ್ಲಿಂದಲೇ ಬಂತು.

ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದು ಕರೆದರು. ಕನ್ನಡದವರಾದ ನಮಗೆ ಆ ಮಾತು ಕೇಳಿದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ದೇವರಾದ ಮೇಲೆ ಹರಕೆ ಕೇಳುವ ಅಭ್ಯಾಸವೂ ಬರುತ್ತದೆ, ನಮ್ಮ ನಾಯಕ ಹೀಗೇ ಇರಬೇಕು, ಇಂಥ ಪಾತ್ರವನ್ನೇ ಮಾಡಬೇಕು ಎಂದು. ಜಾರ್ಜ್ ತನ್ನವರನ್ನು 'ಲವ್ಲೀಸ್' ಎಂದು ಕರೆಯುತ್ತಿದ್ದ, ಚೆನ್ನಾದವರೇ ಎಂದ ಹಾಗೆ. ಅವರೂ ಹರಕೆ ಕೇಳಿದರು. 2012ರ ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸ್ ಸಮಾರೋಪದಲ್ಲಿ 'ಫ್ರೀಡಮ್! 90' ಹಾಡಿದ, ಕ್ರೀಡಾಂಗಣ ಎದ್ದು ನಿಂತಿತು. ಎರಡನೆಯದಾಗಿ ಹಾಡಿದ್ದು ಹೊಸ ಹಾಡು 'ವೈಟ್ ಲೈಟ್'. ಹಿಂದಿನ ವರ್ಷ ವಿಯೆನ್ನಾದಲ್ಲಿ ನ್ಯುಮೋನಿಯಾದಿಂದ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದ, ಹಾಡು ಅದರ ಬಗ್ಗೆಯೇ ಇತ್ತು. ಜನ ಕೆರಳಿದರು. ಇಂಥ ವೇದಿಕೆಯಲ್ಲಿ ಹೊಸ ಸರಕಿನ ಜಾಹೀರಾತೇ ಎಂದರು. ಟಿವಿ ಮುಂದಿದ್ದ ನಾನೂ, ನಿಜ ಹೇಳುತ್ತೇನೆ, ಹಳೆಯದು ಇನ್ನೊಂದು ಹಾಡಬಾರದಿತ್ತೆ ಎಂದುಕೊಂಡೆ. 1990ರಲ್ಲಿ ಜನರ ಎದೆ ಒಡೆದ ಹಾಡು ಅಷ್ಟು ಹೊತ್ತಿಗೆ ಎಲ್ಲರ ನೆಚ್ಚಿನ ಹಳೆಯ ಹಾಡಾಗಿತ್ತು ಎನ್ನುವುದು ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ.

2016ರ ಕ್ರಿಸ್‌ಮಸ್ ದಿನ ಅವನು ಹೋದ. 53 ವರ್ಷ. ಆಮೇಲೆ ಒಂದೊಂದೇ ಲೆಕ್ಕ ಹೊರಬಂತು. ಆನ್ಸೆಲ್ಮೊಗಾಗಿ ಬರೆದ 'ಜೀಸಸ್ ಟು ಎ ಚೈಲ್ಡ್' ಹಾಡಿನ ರಾಯಲ್ಟಿಯನ್ನು ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್‌ಗೆ ಕೊಡುತ್ತಾ ಬಂದಿದ್ದ, ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ. ವ್ಯಾಮ್‌ನ 'ಲಾಸ್ಟ್ ಕ್ರಿಸ್‌ಮಸ್' ಹಾಡಿನ ಆಗಿನ ಗಳಿಕೆ 1984ರಲ್ಲೇ ಇಥಿಯೋಪಿಯಾದ ಬರಕ್ಕೆ ಹೋಗಿತ್ತು. ತಾಯಿಯ ಕೊನೆಗಾಲದಲ್ಲಿ ನೋಡಿಕೊಂಡ ನರ್ಸುಗಳ ನೆನಪಿಗೆ 2006ರ ಡಿಸೆಂಬರಿನಲ್ಲಿ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನರ್ಸುಗಳಿಗೆಂದೇ ಉಚಿತವಾಗಿ ಹಾಡಿದ್ದ. ಒಂದು ಪೆನ್ನಿ ಹೆಚ್ಚು ರಾಯಲ್ಟಿಗೆ ಆರು ತಿಂಗಳು ಕೋರ್ಟಿನಲ್ಲಿ ಕೂತವನ ಖಾತೆಯ ಇನ್ನೊಂದು ಬದಿ ಇದು.

ಭಿತ್ತಿಚಿತ್ರ ನೋಡಿದ ಮೇಲೆ ಅಕ್ಕ ಅವನ ಮನೆ ನೋಡಬೇಕೆಂದಳು. 183ನೆಯ ನಂಬರಿನ ಬಸ್ ಹತ್ತಿ ಗೋಲ್ಡರ್ಸ್ ಗ್ರೀನ್, ಅಲ್ಲಿಂದ 210ರಲ್ಲಿ ಹೈಗೇಟ್. ಬಸ್ಸಿನಲ್ಲಿ ನಾನು ಕೇಳಿದೆ, "ಅಕ್ಕ, ಮೋಸ ಮಾಡಿದ ಅಂದೆಯಲ್ಲ, ನೀನು ಅವನಿಗೆ ಎಷ್ಟು ಕೊಟ್ಟಿದ್ದೆ?"

"ಏನು ಎಷ್ಟು?"

"ಆ ಕ್ಯಾಸೆಟ್ಟು ತುಂಬಿಸಿದ್ದು. ಖಾಲಿ ಕ್ಯಾಸೆಟ್ಟಿನ ದುಡ್ಡು ಸೋನಿಗೆ. ತುಂಬಿಸಿದ್ದಕ್ಕೆ ಅಂಗಡಿಯವನಿಗೆ. ಇವನಿಗೆ ನಿನ್ನಿಂದ ಒಂದು ಪೈಸೆ ಹೋಗಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಹೋಗೋ, ನಿನ್ನ ಆಡಿಟ್ಟು ನಿನ್ನ ಹತ್ತಿರ ಇಟ್ಕೋ. ಹದಿನೈದು ವರ್ಷದ ಹುಡುಗಿ ರಾತ್ರಿ ಎಲ್ಲ ಕೂತು ಕೇಳಿದ್ದು ಯಾವ ಖಾತೆಗೆ ಹಾಕ್ತೀಯ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಹೈಗೇಟಿನ ದಿ ಗ್ರೋವ್ ಎಂಬ ಬೀದಿಯಲ್ಲಿ ಅವನ ಮನೆ. ಎದುರಿನ ಹಸಿರು ಚೌಕದಲ್ಲಿ ಅವನು ತೀರಿಕೊಂಡ ಮೇಲೆ ಒಂದೂವರೆ ವರ್ಷ ಅಭಿಮಾನಿಗಳು ಹೂವು, ಚಿತ್ರ, ಪತ್ರ, ಬಾವುಟ ತಂದು ಇಡುತ್ತಲೇ ಇದ್ದರು. 2018ರಲ್ಲಿ ಮನೆಯವರು, ನೆರೆಹೊರೆಯವರಿಗೆ ತೊಂದರೆಯಾಗುತ್ತಿದೆ, ದಯವಿಟ್ಟು ನಿಮ್ಮ ವಸ್ತುಗಳನ್ನು ತೆಗೆದುಕೊಂಡು ಹೋಗಿ ಎಂದು ವಿನಂತಿಸಿದರು. ಈಗ ಅಲ್ಲಿ ಮರಗಳು, ಹುಲ್ಲು. ಅಕ್ಕ ಒಂದು ಸುತ್ತು ಬಂದಳು. ಕೈಯಲ್ಲಿದ್ದ ಕರಿಬೇವಿನ ಸಂಚಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಸ್ವಲ್ಪ ಹೊತ್ತು ಮನೆಯ ಕಡೆ ನೋಡುತ್ತಾ ನಿಂತಳು. ಅವಳ ಗಂಡ, ನಮ್ಮ ಭಾವ, ಹೋಗಿ ಆಗ ಎರಡು ವರ್ಷವಾಗಿತ್ತು.

ವಾಪಸು ಬರುವಾಗ ಬಸ್ಸಿನ ಮೇಲಂತಸ್ತಿನಲ್ಲಿ ಕೂತು, "ಅವತ್ತು ನಿಲ್ಲಿಸಿಬಿಟ್ಟೆನಲ್ಲ, ಅದನ್ನ ಹಾಕು" ಎಂದಳು. ಫೋನಿನಲ್ಲಿ 'ಜೀಸಸ್ ಟು ಎ ಚೈಲ್ಡ್' ಹಾಕಿದೆ. ಇಯರ್‌ಫೋನಿನ ಒಂದು ಎಳೆ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಸುಮಾರು ಏಳು ನಿಮಿಷದ ಹಾಡು. ಹ್ಯಾಂಪ್‌ಸ್ಟೆಡ್ ಬಯಲು ದಾಟುವ ತನಕ ಅವಳು ಏನೂ ಮಾತಾಡಲಿಲ್ಲ. ಹಾಡು ಪೂರ್ತಿ ಮುಗಿದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದಳು.

"ಚೆನ್ನಾಗಿದೆ. ಈಗ ಹಳೇದು ಹಾಕು."